ಹಡಗು ಮುಳುಗಿದಾಗ ಕೊಲ್ಲುವುದು ನೀರೋ, ಚಳಿಯೋ?

ಹಡಗು ಮುಳುಗಿ ಜನ ಸತ್ತರೆಂದರೆ ನೀರು ಕುಡಿದೇ ಸತ್ತರೆಂದು ನಾವು ತಿಳಿಯುತ್ತೇವೆ. ಈಜು ಬಂದವನು, ದೋಣಿ ಸಿಕ್ಕವನು ಬದುಕುತ್ತಾನೆ ಎಂದೂ ನಂಬುತ್ತೇವೆ. ‘ಇಂಡುನಾ’ ಎಂಬ ಬ್ರಿಟಿಷ್ ಸರಕು ಹಡಗಿಗೆ ಆದದ್ದನ್ನು ನೋಡಿದರೆ ಇದು ಅರ್ಧ ಸತ್ಯವೆಂದು ತಿಳಿಯುತ್ತದೆ.

ಏನಾಯಿತು?

1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿತು. ಆಗ ಬ್ರಿಟನ್ ಮತ್ತು ಅಮೆರಿಕ ಆರ್ಕ್ಟಿಕ್ ಸಮುದ್ರದ ದಾರಿಯಲ್ಲಿ ಸೋವಿಯತ್ ಬಂದರುಗಳಿಗೆ ಯುದ್ಧಸಾಮಗ್ರಿ ಕಳುಹಿಸತೊಡಗಿದವು. ಸರಕು ಹಡಗುಗಳು ಯುದ್ಧನೌಕೆಗಳ ಕಾವಲಿನಲ್ಲಿ ಗುಂಪಾಗಿ ಹೋಗುತ್ತಿದ್ದವು. ಅಂಥ ‘ಪಿಕ್ಯೂ 13’ ಗುಂಪು 1942ರ ಮಾರ್ಚ್ 20ರಂದು ಐಸ್‌ಲ್ಯಾಂಡ್ ಬಿಟ್ಟಿತು. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗುಗಳು ಚದುರಿದವು. ಮಾರ್ಚ್ 30ರಂದು ಜರ್ಮನಿಯ ಯು-376 ಜಲಾಂತರ್ಗಾಮಿ ಇಂಡುನಾಗೆ ಟಾರ್ಪಿಡೊ ಹೊಡೆಯಿತು. ಬದುಕಿ ಉಳಿದವರು 24 ಮಂದಿ, ಸತ್ತವರು 42. ತೆರೆದ ದೋಣಿಯಲ್ಲಿ ಕುಳಿತು ದಿನಗಟ್ಟಲೆ ಕಾದವರಲ್ಲೂ ಹಲವರು ಚಳಿಗೆ ಸತ್ತರು. ಉಳಿದವರಲ್ಲಿ ಕೆಲವರ ಕಾಲುಗಳು ಹೆಪ್ಪುಗಟ್ಟಿ, ಕತ್ತರಿಸಬೇಕಾಯಿತು.

ದೇಹದಲ್ಲಿ ಏನಾಗುತ್ತದೆ?

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಹಿಮದಂಥ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಕಟ್ಟಿ ಏದುಸಿರು ಬರುತ್ತದೆ. ಹತ್ತು ನಿಮಿಷದ ಹೊತ್ತಿಗೆ ಕೈಕಾಲು ಸೋಲುತ್ತವೆ; ಈಜು ಬಲ್ಲವನೂ ಈಜಲಾರ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇನ್ನೂ ಇಳಿದರೆ ನಡುಕವೇ ನಿಲ್ಲುತ್ತದೆ. ಅದು ಸುಧಾರಿಸಿದ ಲಕ್ಷಣವಲ್ಲ, ಅಪಾಯದ ಗುರುತು.

ಮದ್ಯ ಕುಡಿದರೆ ಬೆಚ್ಚಗಾಗುತ್ತದೆಯೇ?

ಇಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬಿಸಿಯಾದಂತೆ ಅನಿಸಿದರೂ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

ನಮ್ಮ ಕಡೆಗೆ ಇದು ಅನ್ವಯವೇ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ಆದರೂ ಧನುರ್ಮಾಸದ ಮುಂಜಾನೆ ಹೊಳೆಗೋ ಕೆರೆಗೋ ಬಿದ್ದು, ಒದ್ದೆ ಬಟ್ಟೆಯಲ್ಲೇ ಗಾಳಿಗೆ ಕುಳಿತವರ ಮೈ ತಣ್ಣಗಾಗಬಹುದು. ವಯಸ್ಸಾದವರು, ಮಕ್ಕಳು ಮತ್ತು ಕುಡಿದವರಿಗೆ ಅಪಾಯ ಹೆಚ್ಚು.

ಏನು ಮಾಡಬೇಕು?

ಒದ್ದೆ ಬಟ್ಟೆ ತೆಗೆಯಿರಿ, ಒಣ ಕಂಬಳಿ ಹೊದಿಸಿ, ತಲೆ ಮುಚ್ಚಿ. ಎಚ್ಚರವಿದ್ದು ನುಂಗಬಲ್ಲವರಿಗೆ ಬೆಚ್ಚಗಿನ ಸಿಹಿ ಹಾಲು ಕೊಡಿ. ಕೈಕಾಲು ತಿಕ್ಕಬೇಡಿ, ಬೆಂಕಿಗೆ ಒಡ್ಡಬೇಡಿ. ಮಾತು ತೊದಲಿದರೆ ಅಥವಾ ನಡುಕ ನಿಂತರೆ ಕಾಯದೆ 108ಕ್ಕೆ ಕರೆ ಮಾಡಿ.