ಥ್ಯಾಂಕ್ಸ್‌ಗಿವಿಂಗ್: ಪತ್ರಿಕೆ ಬಡಿಸಿದ ಊಟ

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೂಲವನ್ನು ಸಾಮಾನ್ಯವಾಗಿ 1621ರಲ್ಲಿ ಇಂಗ್ಲಿಷ್ ವಲಸಿಗರ ಪ್ಲಿಮತ್‌ನಲ್ಲಿ ನಡೆದ ಭೋಜನದಲ್ಲಿ ಹುಡುಕುತ್ತಾರೆ. ನನಗೆ ಅದು ಪತ್ರಿಕೆಯೊಂದರ ಪುಟಗಳಲ್ಲಿ ಕಾಣುತ್ತದೆ. ನ್ಯೂ ಇಂಗ್ಲೆಂಡಿನ ಮನೆಗಳ ಈ ಸುಗ್ಗಿಯೂಟವನ್ನು ಇಡೀ ದೇಶದ ಹಬ್ಬವಾಗಿಸಲು ಹಟ ಹಿಡಿದವರು ‘ಗೋಡೀಸ್ ಲೇಡೀಸ್ ಬುಕ್’ ಸಂಪಾದಕಿ ಸಾರಾ ಹೇಲ್. 1827ರ ತಮ್ಮ ಕಾದಂಬರಿ ‘ನಾರ್ತ್‌ವುಡ್’ನಲ್ಲೇ ಟರ್ಕಿ ಕೋಳಿ, ಕುಂಬಳಕಾಯಿ ಪೈಗಳ ಊಟವನ್ನು ಬಾಯಲ್ಲಿ ನೀರೂರುವಂತೆ ಬಣ್ಣಿಸಿದ್ದ ಆಕೆ, ಮುಂದೆ ಸಂಪಾದಕೀಯಗಳ ಮೇಲೆ ಸಂಪಾದಕೀಯ ಬರೆದರು, ಗವರ್ನರುಗಳಿಗೆ ಕಾಗದ ಹಾಕಿದರು. ಒಬ್ಬರನ್ನೊಬ್ಬರು ಕಂಡರಿಯದ ಓದುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಈ ಪತ್ರಿಕೆ.

ಹಾಗಾದರೆ ಪ್ಲಿಮತ್‌ನ ಭೋಜನ ಸುಳ್ಳೇ? ಸುಳ್ಳಲ್ಲ. ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರ ನಾಯಕ ಮಾಸಸಾಯಿಟ್ ಮತ್ತು ಅವನ ಸುಮಾರು 90 ಮಂದಿ ಮೂರು ದಿನ ಉಂಡರೆಂದು, ಐದು ಜಿಂಕೆಗಳನ್ನು ಬೇಟೆಯಾಡಿ ತಂದರೆಂದು ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್‌ಸ್ಲೋನ ಪತ್ರ ಹೇಳುತ್ತದೆ. (ಅತಿಥಿಗಳೇ ಮಾಂಸ ತಂದ ಈ ಸಂಗತಿ ಹಬ್ಬದ ಕಥೆಗಳಲ್ಲಿ ಹಿಂದೆ ಸರಿಯುತ್ತದೆ.) ಆದರೆ ಪತ್ರದಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂಬ ಹೆಸರಿಲ್ಲ, ಅದನ್ನು ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದದ್ದು 1841ರಲ್ಲಿ ಅಲೆಕ್ಸಾಂಡರ್ ಯಂಗ್ ಬರೆದ ಅಡಿಟಿಪ್ಪಣಿ. ಹಬ್ಬವನ್ನು ತಂದದ್ದು ಅಂತರ್ಯುದ್ಧ, ಹೇಲ್ ಅಲ್ಲ ಎಂಬ ವಾದಕ್ಕೆ ಹೆಚ್ಚು ತೂಕವಿದೆ. ಆದರೂ ಹೇಲ್ ಅಧ್ಯಕ್ಷ ಲಿಂಕನ್‌ಗೆ ಬರೆದದ್ದು 1863ರ ಸೆಪ್ಟೆಂಬರ್ 28ರಂದು, ಇಡೀ ದೇಶಕ್ಕೆ ಥ್ಯಾಂಕ್ಸ್‌ಗಿವಿಂಗ್ ಸಾರಿದ ಲಿಂಕನ್ ಘೋಷಣೆ ಬಂದದ್ದು ಅಕ್ಟೋಬರ್ 3ರಂದು. ಮೇಲಾಗಿ ಅದೇ ವರ್ಷ ಆಗಸ್ಟ್ 6ನ್ನೂ ಯುದ್ಧದ ಗೆಲುವಿಗಾಗಿ ಕೃತಜ್ಞತಾ ದಿನವೆಂದು ಲಿಂಕನ್ ಸಾರಿದ್ದರು. ಆ ದಿನಕ್ಕೆ ಊಟವಿರಲಿಲ್ಲ; ಅದು ಮರುವರ್ಷಕ್ಕೆ ಉಳಿಯಲಿಲ್ಲ.