ಬೀಸಣಿಗೆಯ ವೇಗ, ಬಾನುಲಿಯ ಗೊರಗೊರ

ಕಛೇರಿಗಳಲ್ಲಿ ಹಗ್ಗ ಹಿಡಿದು ಬಟ್ಟೆಯ ಪಂಖವನ್ನೆಳೆಯುತ್ತಿದ್ದ ಆಳಿಗೆ ವೇಗವನ್ನು ಹೆಚ್ಚಿಸಲು ಒಂದು ಗದರಿಕೆ ಸಾಕಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ತರುವಾಯ ಕಾಲಕ್ರಮದಲ್ಲಿ ನಮ್ಮ ಸೂರುಗಳಿಂದ ತೂಗಲಾರಂಭಿಸಿದ ಫ್ಯಾನಿಗಾದರೋ ಕಿವಿಯಿಲ್ಲದುದರಿಂದ, ಗೋಡೆಯ ಮೇಲೆ ರೆಗ್ಯುಲೇಟರೆಂಬ ಪೆಟ್ಟಿಗೆಯೊಂದು ಅವಶ್ಯವಾಯಿತು. ಅದರ ಹೊಟ್ಟೆಯಲ್ಲಿದ್ದುದು ಸುತ್ತಿದ ನಿರೋಧಕ ತಂತಿ. ಗುಂಡಿಯನ್ನು ತಿರುಗಿಸಿದಂತೆಲ್ಲ ಒಂದೊಂದು ಸುತ್ತು ಪ್ರವಾಹದ ದಾರಿಗೆ ಸೇರಿ ವೇಗ ತಗ್ಗುತ್ತಿತ್ತು, ಪೆಟ್ಟಿಗೆ ಬಿಸಿಯಾಗುತ್ತಿತ್ತು. ತಂಪನ್ನರಸಿದವನ ಕೋಣೆಯಲ್ಲಿಯೇ ಒಂದು ಪುಟ್ಟ ಒಲೆ!

ಆದರೂ ಬಾನುಲಿಯ ಪಾಲಿಗೆ ಆ ಪೆಟ್ಟಿಗೆ ಮೌನಿಯಾಗಿತ್ತು. ವಿದ್ಯುದುಪಕರಣಗಳ ಉಪಟಳದಿಂದ ಬಾನುಲಿಯನ್ನು ರಕ್ಷಿಸುವ ಸಲುವಾಗಿ 1934ರಲ್ಲಿಯೇ ಪ್ಯಾರಿಸಿನಲ್ಲಿ ಅಂತರರಾಷ್ಟ್ರೀಯ ವಿಶೇಷ ಸಮಿತಿಯೊಂದು ಕೂಡಿತ್ತು; ಮೋಟಾರುಗಳ ಕಾರ್ಬನ್ ಬ್ರಷ್ಷುಗಳಿಂದ ಸಿಡಿಯುವ ಕಿಡಿಯೂ ಆಗಿನ ಅಪರಾಧಿಗಳಲ್ಲೊಂದು. ಎ.ಸಿ. ವಿದ್ಯುತ್ತಿನಿಂದ ತಿರುಗುವ ಸೀಲಿಂಗ್ ಫ್ಯಾನಿಗೆ ಬ್ರಷ್ಷೂ ಇಲ್ಲ, ಕಿಡಿಯೂ ಇಲ್ಲ. ಆ ನ್ಯಾಯಸ್ಥಾನದಲ್ಲಿ ಅದು ನಿರ್ದೋಷಿ.

ಆ ನಿರ್ದೋಷಿಗೆ ಕಳಂಕ ತಂದುದು ಎಲೆಕ್ಟ್ರಾನಿಕ್ ವಿದ್ಯೆಯೇ. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಸಿದ್ಧವಾದ ಥೈರಿಸ್ಟರು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತಿತ್ತು. ಅದರ ಬೆನ್ನಲ್ಲೇ ಹುಟ್ಟಿದ ಟ್ರಯಾಕು ಎರಡು ದಿಕ್ಕುಗಳಲ್ಲಿಯೂ ಬಿಡಬಲ್ಲುದಾದ್ದರಿಂದ, ಕಡಲೆಕಾಯಿಯಷ್ಟೇ ದೊಡ್ಡದಾದ ಅದು ಹಳೆಯ ಪೆಟ್ಟಿಗೆಯ ಸ್ಥಾನವನ್ನು ಸುಲಭವಾಗಿ ಆಕ್ರಮಿಸಿತು. ಸೆಕೆಂಡಿಗೆ 50 ಬಾರಿ ಏರಿಳಿಯುವ ಅಲೆಯ ಪ್ರತಿಯೊಂದು ಅರ್ಧದಲ್ಲಿಯೂ ಸ್ವಲ್ಪ ಕಾಲ ಬಾಗಿಲನ್ನು ಮುಚ್ಚಿಟ್ಟು, ಆಮೇಲೆ ಥಟ್ಟನೆ ತೆರೆಯುವುದು ಅದರ ಕ್ರಮ. ತಡವಾಗಿ ತೆರೆದಷ್ಟೂ ಫ್ಯಾನು ನಿಧಾನ. ಶಾಖ ಅತ್ಯಲ್ಪ, ಗುಂಡಿಯ ತಿರುವು ಬೆಣ್ಣೆಯಂತೆ. ಆದರೆ ಸೆಕೆಂಡಿಗೆ 100 ಸಲ, ಮೈಕ್ರೋಸೆಕೆಂಡುಗಳ ಅವಧಿಯಲ್ಲಿ ವೋಲ್ಟೇಜು ಮೇಲಕ್ಕೆ ಜಿಗಿದರೆ, ಆ ಜಿಗಿತದ ಪ್ರತಿಧ್ವನಿ ಬಾನುಲಿಯ ಮೀಡಿಯಂ ವೇವಿನವರೆಗೂ ಹಬ್ಬುತ್ತದೆ. ಅಲೆಯ ಶಿಖರದಲ್ಲಿ ಬಾಗಿಲು ತೆರೆದಾಗಲಂತೂ ಗೊರಗೊರ ಅತ್ಯಧಿಕ. ಎಂದರೆ ಮಂದಮಾರುತವನ್ನು ಬಯಸಿ ವೇಗವನ್ನು ನಡುವಿಗಿಳಿಸಿದವನೇ ಪಕ್ಕದ ಮನೆಯವರ ವಾರ್ತೆಯನ್ನು ಕೆಡಿಸುತ್ತಿದ್ದನು.

ಇದಕ್ಕೆ ಪರಿಹಾರ ಅಜ್ಞಾತವೇನಾಗಿರಲಿಲ್ಲ. ಫೆರೈಟ್ ಕಡ್ಡಿಗೆ ಸುತ್ತಿದ ಚೋಕ್ ಸುರುಳಿ ಜಿಗಿತದ ಮೊನೆಯನ್ನು ಮೊಂಡಾಗಿಸುತ್ತದೆ, 0.1 ಮೈಕ್ರೋಫ್ಯಾರಡಿನ ಕೆಪಾಸಿಟರು ಉಳಿದ ಗದ್ದಲವನ್ನು ತಂತಿಗೆ ಹೋಗಗೊಡದೆ ಅಲ್ಲಿಯೇ ಹಿಂದಿರುಗಿಸುತ್ತದೆ. ಅಗ್ಗದ ಮಾಲಿನಲ್ಲಿ ಮೊದಲು ಮಾಯವಾಗುವುದೂ ಇವೆರಡೇ. ಅವಿಲ್ಲದೆಯೂ ಫ್ಯಾನು ತಿರುಗುತ್ತದೆಯಷ್ಟೆ.

ಮುಂದೆ ಬಂದ ಕೆಪಾಸಿಟರ್ ರೆಗ್ಯುಲೇಟರು ಅಲೆಯನ್ನು ಕತ್ತರಿಸದೆ, ಇಡಿಯಾಗಿಯೇ ತಗ್ಗಿಸಿಬಿಟ್ಟಿತು. ಅದರಲ್ಲಿ ಬಿಸಿಯೂ ನಾಮಮಾತ್ರ, ಗೊರಗೊರವೂ ಇಲ್ಲ. ಆದರೆ ಬೆಣ್ಣೆಯಂತಹ ಆ ತಿರುವು ಮಾತ್ರ ಹೋಯಿತು. ಅಜ್ಜಂದಿರ ಪೆಟ್ಟಿಗೆಯಲ್ಲಿದ್ದ ಮೆಟ್ಟಿಲುಗಳೇ ಟಕ್ ಟಕ್ಕೆಂದು ಮರಳಿ ಬೆರಳಿಗೆ ಸಿಕ್ಕಿದುವು.