ಹಡಗು ಬಂದರೆ ಸಾಲದು, ಅಕ್ಕಿ ದಡಕ್ಕಿಳಿಯಬೇಕು

1782ರ ಜುಲೈಯಲ್ಲಿ ಕಡಲೂರಿನಲ್ಲಿ ಹೈದರಾಲಿಯನ್ನು ಕಂಡ ಫ್ರೆಂಚ್ ನೌಕಾಧಿಪತಿ ಸಫ್ರೆನ್‌ಗೆ ಕೋರಮಂಡಲ ತೀರದಲ್ಲಿ ಹಡಗು ದುರಸ್ತಿಗೆ ತಕ್ಕ ಬಂದರೇ ಇರಲಿಲ್ಲ. ಕದನದಲ್ಲಿ ಮುರಿದ ಪಟಕಂಬಗಳ ಜಾಗಕ್ಕೆ ಸಣ್ಣ ಹಡಗುಗಳ ಕಂಬ ಕಿತ್ತು ನಿಲ್ಲಿಸಬೇಕಾಯಿತು. ಎದುರಾಳಿ ಇಂಗ್ಲಿಷ್ ನೌಕಾಧಿಪತಿ ಹ್ಯೂಸ್‌ನ ಪಾಡೂ ಸುಖದ್ದಲ್ಲ. ಮದರಾಸಿನಲ್ಲಿ ಹಡಗು ದೂರದಲ್ಲೇ ಲಂಗರು ಹಾಕಬೇಕು. ಹಲಗೆಗಳನ್ನು ಹುರಿಯಿಂದ ಹೊಲಿದ ಮಸುಲಾ ದೋಣಿಗಳು ಅಲೆ ಸೀಳಿ ಸರಕನ್ನು ದಡಕ್ಕೆ ತರಬೇಕು. ಹಿಂಗಾರು ಹಿಡಿದರೆ ಅದೂ ಇಲ್ಲ, ಯುದ್ಧನೌಕೆಗಳು ಮುಂಬಯಿಯ ದಾರಿ ಹಿಡಿಯುತ್ತಿದ್ದವು.

ದಡಕ್ಕಿಳಿದ ದವಸ ಮುಂದೆ ಹೋಗುತ್ತಿದ್ದುದು ಎತ್ತಿನ ಬೆನ್ನ ಮೇಲೆ. ಇಂದಿನ ಧರ್ಮಪುರಿ, ಕೃಷ್ಣಗಿರಿಗಳ ಬಾರಾಮಹಲ್ ಸೀಮೆಯೇ ಮೈಸೂರಿಗೂ ಕಡಲಿಗೂ ನಡುವಿನ ಹಾದಿ.

ನೌಕಾಯುದ್ಧದ ಆಟಗಳಿಗೆ ಬಂದರು, ಸಾಗಣೆಗಳ ಈ ಲೆಕ್ಕವನ್ನು ಕಲಿಯಲು ಬಹಳ ಕಾಲ ಹಿಡಿಯಿತು. 1898ರಲ್ಲಿ ಇಂಗ್ಲೆಂಡಿನ ಫ್ರೆಡ್ ಜೇನ್ ಪ್ರಕಟಿಸಿದ ಆಟದ ಮುಖ್ಯ ಆಸಕ್ತಿ ಫಿರಂಗಿ ಮತ್ತು ಉಕ್ಕಿನ ಕವಚ. ಅಮೆರಿಕದ ನ್ಯೂಪೋರ್ಟ್ ನೌಕಾ ಯುದ್ಧ ಕಾಲೇಜಿನಲ್ಲಿ ಮಾತ್ರ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅಧಿಕಾರಿಗಳು ಜಪಾನಿನ ಮೇಲಿನ ಯುದ್ಧವನ್ನು ಮತ್ತೆ ಮತ್ತೆ ಆಡಿ ನೋಡಿದರು. ಪೆಸಿಫಿಕ್ ಸಾಗರದಷ್ಟು ದೂರಕ್ಕೆ ಎಣ್ಣೆ, ಮದ್ದುಗುಂಡು, ದುರಸ್ತಿ ಕಟ್ಟೆಗಳನ್ನು ಒಯ್ಯುವುದೇ ಕಷ್ಟದ ಕೆಲಸ ಎಂಬುದು ಅಲ್ಲಿನ ಆಟಗಳಲ್ಲೇ ಮನವರಿಕೆಯಾಯಿತು.

ಸಾಮಾನ್ಯ ಆಟಗಾರರ ಕೈಗೆ ಈ ಭಾರ ಬಂದದ್ದು 1970ರ ದಶಕದ ಕೊನೆಯಲ್ಲಿ. ರಿಚರ್ಡ್ ಬರ್ಗ್ ರಚಿಸಿದ 'ದ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ' ಎಂಬ ಮೇಜಿನ ಆಟ ಬಿಸಿಲಿಗೆ ಆವಿಯಾಗುವ ಪೆಟ್ರೋಲನ್ನೂ ಇಟಲಿಯ ಸೈನಿಕರು ಪಾಸ್ತಾ ಬೇಯಿಸಲು ಬಳಸುವ ನೀರನ್ನೂ ಬರೆದಿಡಿಸಿತು. ಅಷ್ಟೊಂದು ಲೆಕ್ಕವನ್ನು ಮನುಷ್ಯರು ಕೈಯಲ್ಲಿ ಬರೆದು ಮುಗಿಸಲಾರರು. ಆ ಹೊರೆ ಹೊತ್ತದ್ದು ಕಂಪ್ಯೂಟರು. ಗ್ಯಾರಿ ಗ್ರಿಗ್ಸ್‌ಬಿಯ 'ವಾರ್ ಇನ್ ದ ಪೆಸಿಫಿಕ್' 2004ರಲ್ಲಿ ಬಂತು, ಅದರ 'ಅಡ್ಮಿರಲ್ಸ್ ಎಡಿಷನ್' 2009ರಲ್ಲಿ. ಇಲ್ಲಿ ಪ್ರತಿ ಬಂದರಿಗೂ ಗಾತ್ರವಿದೆ. ಬಂದರು ಸಣ್ಣದಾದರೆ ಸರಕು ನಿಧಾನವಾಗಿ ಇಳಿಯುತ್ತದೆ, ದೊಡ್ಡ ಯುದ್ಧನೌಕೆಗೆ ಗುಂಡು ತುಂಬಲಾಗುವುದಿಲ್ಲ. ಈ ಕ್ಷೇತ್ರದ ನಿಜವಾದ ತಿರುವು ಇದೇ: ಬಂದರು ಭೂಪಟದ ಚುಕ್ಕೆಯಾಗಿ ಉಳಿಯದೆ ದುಡಿಯುವ ಜಾಗವಾಯಿತು. 'ಹಾರ್ಟ್ಸ್ ಆಫ್ ಐರನ್ 4' 2021ರ ನವೆಂಬರಿನ ವಿಸ್ತರಣೆಯೊಂದಿಗೆ ಬಂದರಿನಿಂದ ರೈಲು, ರೈಲಿನಿಂದ ಲಾರಿ ಎಂದು ಸರಣಿಯನ್ನು ಒಳನಾಡಿಗೂ ಎಳೆಯಿತು.

ಒಳನಾಡಿನ ಆ ಕೊನೆಯ ಹೆಜ್ಜೆಗೆ ಬಾರಾಮಹಲಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದವರೆಗೆ ಬಂದ. ಮಳೆ, ಹಸಿವು, ರೋಗಕ್ಕೆ ಎತ್ತುಗಳು ಸತ್ತು ಬಿದ್ದವು. ಎಳೆಯುವವರಿಲ್ಲದ ಮುತ್ತಿಗೆಯ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಜುಲೈಯಲ್ಲಿ ಹೊಸೂರು, ರಾಯಕೋಟೆಗಳನ್ನು ಹಿಡಿದು ಬಾರಾಮಹಲಿನ ಘಟ್ಟದ ದಾರಿ ತೆರೆಸಿದ. ಲಂಬಾಣಿಗಳ ಹೇರೆತ್ತುಗಳನ್ನು ಕೂಡಿಸುವ ಕೆಲಸ ಕಂಪನಿಯ ಅಧಿಕಾರಿ ಅಲೆಕ್ಸಾಂಡರ್ ರೀಡ್‌ನದಾಯಿತು. ಮರುವರ್ಷದ ಒಪ್ಪಂದದಲ್ಲಿ ಬಾರಾಮಹಲ್, ಸೇಲಂ ಕಂಪನಿಗೆ ಸೇರಿದಾಗ ಆಡಳಿತ ಸಿಕ್ಕಿದ್ದೂ ಅವನಿಗೇ. ಅವನ ಸಹಾಯಕ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ನೆಲೆಸಿದ. 1799ರ ಏಪ್ರಿಲಿನಲ್ಲಿ ಶ್ರೀರಂಗಪಟ್ಟಣದ ಮುಂದೆ ಕಂಪನಿಯ ದಂಡಿಗೆ ಅಕ್ಕಿ ತೀರುತ್ತಿದ್ದಾಗ ರೀಡ್ ದವಸ ತರುತ್ತಿದ್ದುದು ಇಂದಿನ ಸೇಲಂ ಜಿಲ್ಲೆಯ ಕಾವೇರಿಪುರದ ಘಟ್ಟದಲ್ಲಿ.

ರೈಲು ಲಾರಿಗಳನ್ನು ಎಣಿಸಲು ಕಲಿತ ಆಟಗಳಿಗೆ ಮೇವು ತಿನ್ನುವ, ಮಳೆಗೆ ನಡುಗುವ, ದಾರಿಯಲ್ಲೇ ಸಾಯುವ ಎತ್ತು ಇನ್ನೂ ಒಗ್ಗಬೇಕಿದೆ. ಮಸುಲಾ ದೋಣಿಯಿಂದ ಹೇರೆತ್ತಿನವರೆಗಿನ ಆಟವನ್ನು ಕನ್ನಡ ಬಲ್ಲ ವಿನ್ಯಾಸಕರು ಕೈಗೆತ್ತಿಕೊಳ್ಳಲಿ. ಸಾಮಗ್ರಿಗೆ ಕೊರತೆಯಿಲ್ಲ: ರೀಡ್‌ನ ಕಾಲದ ಕಾಗದಪತ್ರಗಳನ್ನು ಮದರಾಸು ಸರ್ಕಾರ 1907ರಿಂದ 'ಬಾರಾಮಹಲ್ ರೆಕಾರ್ಡ್ಸ್' ಎಂದು ಅಚ್ಚು ಹಾಕಿಸಿದೆ.